ಚೆನ್ನಾಗಿರುವ ಫೋಟೋ ಆರಿಸಬೇಡಿ

ಸಂಗೀತದ ಮೇಷ್ಟ್ರ ಜನ್ಮಶತಮಾನೋತ್ಸವಕ್ಕೆ ಸ್ಮರಣ ಸಂಚಿಕೆ ತರಲು ಹೊರಟ ಶಿಷ್ಯರು ಫೋಟೋ ತರುವ ರೀತಿ ಹೆಚ್ಚುಕಡಿಮೆ ಒಂದೇ. ಕಲಾಶಾಲೆಯ ಬೀರುವಿನಲ್ಲಿದ್ದ ಸ್ಟುಡಿಯೋ ಲಕೋಟೆಗಳನ್ನೆಲ್ಲ ಬಿಚ್ಚಿ ಚಾಪೆಯ ಮೇಲೆ ಸುರಿಯುತ್ತಾರೆ. ಮೇಷ್ಟ್ರ ಮುಖ ಸ್ಪಷ್ಟವಾಗಿರುವ ಮೂವತ್ತನ್ನು ಆರಿಸಿ ಹೊಸ ಆಲ್ಬಮ್ಮಿಗೆ ಹಾಕುತ್ತಾರೆ. ಲಕೋಟೆ ಎಲ್ಲಿ ಎಂದು ಕೇಳಿದರೆ ‘ಹರಿದುಹೋಗಿತ್ತು, ಎಸೆದ್ವಿ ಸಾರ್’. ನೆಗೆಟಿವ್? ‘ಅದ್ಯಾಕೆ, ಪ್ರಿಂಟೇ ಇದೆಯಲ್ಲ’. ಗುರುವಿನ ಮೇಲಿನ ಪ್ರೀತಿಯಿಂದಲೇ ಮಾಡಿದ ಕೆಲಸ, ಗದರಲು ಮನಸ್ಸು ಬರುವುದಿಲ್ಲ. ಆದರೆ ಆ ಒಂದು ಮಧ್ಯಾಹ್ನದಲ್ಲಿ ಕಳೆದದ್ದು ಮತ್ತೆ ಕೈಗೆ ಸಿಗುವುದೂ ಇಲ್ಲ.

ಬೇಸಿಗೆ ಶಿಬಿರದ ಪಿಟೀಲು ಪಾಠದ ಒಂದು ರೋಲನ್ನೇ ನೋಡಿ. 14ನೇ ಚಿತ್ರದಲ್ಲಿ ಹುಡುಗಿಯ ಎಡ ಮಣಿಕಟ್ಟು ಕುಸಿದು ಪಿಟೀಲಿನ ಕತ್ತಿಗೆ ಒರಗಿದೆ. 15ರಲ್ಲಿ ಮೇಷ್ಟ್ರು ಬಗ್ಗಿದ್ದಾರೆ, ಮುಖ ಕಾಣುವುದಿಲ್ಲ. ಅವರ ಎರಡು ಬೆರಳು ಆ ಮಣಿಕಟ್ಟಿನ ಕೆಳಗಿವೆ. 16ರಲ್ಲಿ ಮಣಿಕಟ್ಟು ನೆಟ್ಟಗಾಗಿದೆ, ಮೇಷ್ಟ್ರು ಹಿಂದೆ ಸರಿದು ತೊಡೆಯ ಮೇಲೆ ತಾಳ ಹಾಕುತ್ತಿದ್ದಾರೆ. ಮೂರನ್ನೂ ಸಾಲಾಗಿ ಇಟ್ಟರೆ ಅವರು ಹೇಗೆ ಪಾಠ ಹೇಳುತ್ತಿದ್ದರು ಎಂಬುದು ಕಣ್ಣಿಗೆ ಕಟ್ಟುತ್ತದೆ. ಆರಿಸುವವರ ಕೈಗೆ ಸಿಕ್ಕರೆ 14 ಮತ್ತು 15 ‘ಒಂದೇ ಥರ ಇವೆ, ಮುಖ ಬಂದಿಲ್ಲ’ ಎಂದು ಪಕ್ಕಕ್ಕೆ ಹೋಗುತ್ತವೆ. ಸಂಚಿಕೆಯಲ್ಲಿ ಉಳಿಯುವುದು ತಾಳ ಹಾಕುತ್ತಾ ಕುಳಿತ ಒಬ್ಬ ಹಿರಿಯರು ಮಾತ್ರ.

ಆದ್ದರಿಂದ ಮತ್ತೆ ಮತ್ತೆ ಹೇಳುವುದು ಇಷ್ಟೇ: ಯಾವುದು ಯಾವುದರ ಜೊತೆಗಿತ್ತೋ ಹಾಗೇ ಇರಲಿ. ಲಕೋಟೆ ಬಿಚ್ಚುವ ಮೊದಲು ಅದಕ್ಕೆ ಪೆನ್ಸಿಲ್ಲಿನಲ್ಲಿ ‘1’ ಎಂದು ಬರೆಯಿರಿ. ಒಳಗಿನವು ಇರುವ ಕ್ರಮದಲ್ಲೇ 1/1, 1/2, 1/3 ಆಗಲಿ. ಮಸುಕಾದವು, ತಲೆ ಕತ್ತರಿಸಿದವು, ಊಟದ ಪಂಕ್ತಿಯವು, ಎಲ್ಲಕ್ಕೂ ಸಂಖ್ಯೆ ಬೇಕು. ಕ್ರಮ ಈಗಾಗಲೇ ಕೆಟ್ಟಿದ್ದರೆ ನೆಗೆಟಿವ್ ಒಂದೇ ದಾರಿ. 35 ಮಿ.ಮೀ. ಫಿಲ್ಮಿನ ಅಂಚಿನಲ್ಲಿ ಸಂಖ್ಯೆಗಳು ಅಚ್ಚಾಗಿರುತ್ತವೆ. ಪ್ರಿಂಟನ್ನು ಅದಕ್ಕೆ ಹೊಂದಿಸಿ ನೋಡಿದರೆ ಇಡೀ ರೋಲಿನ ಸಾಲು ಮರಳಿ ಸಿಗುತ್ತದೆ. ಆ ರೋಲಿನ ಒಂದೇ ಒಂದು ಚಿತ್ರದ ದಿನ ಗೊತ್ತಾದರೂ ಅಕ್ಕಪಕ್ಕದವುಗಳ ಕಾಲವನ್ನು ಬಹುಮಟ್ಟಿಗೆ ಊಹಿಸಬಹುದು.

ಬೆನ್ನನ್ನೂ ಓದಿ. ಸ್ಟುಡಿಯೋ ಮೊಹರಿನಲ್ಲಿ ‘ಬೆಂಗಳೂರು-4’ ಎಂದಿದ್ದರೆ ಅದು ಬಸವನಗುಡಿಯ ಹಳೆಯ ಅಂಚೆ ವಲಯ ಸಂಖ್ಯೆ. ‘560004’ ಎಂದಿದ್ದರೆ ಆ ಪ್ರಿಂಟು 1972ರ ಆಗಸ್ಟ್ 15ಕ್ಕಿಂತ ಹಿಂದಿನದಲ್ಲ, ಪಿನ್‌ಕೋಡ್ ಬಂದದ್ದೇ ಅಂದು. ಹಳೆಯ ಮೊಹರನ್ನು ಆಮೇಲೂ ಕೆಲಕಾಲ ಒತ್ತಿರಬಹುದು, ಹಾಗಾಗಿ ಮೊದಲನೆಯದರ ಮೇಲೆ ಪೂರಾ ನಂಬಿಕೆ ಬೇಡ. ಹಳೆಯ ನೆಗೆಟಿವ್‌ನಿಂದ ಮರುಪ್ರಿಂಟು ಹಾಕಿಸಿರುವ ಸಾಧ್ಯತೆಯೂ ಇದೆ. ಮೊಹರು ಹೇಳುವುದು ಪ್ರಿಂಟಿನ ಕಾಲ, ಶಿಬಿರದ ಕಾಲವಲ್ಲ. ಶಿಬಿರದ ಕಾಲಕ್ಕೆ ಹಿನ್ನೆಲೆ ನೋಡಬೇಕು. ಬ್ಯಾನರಿನಲ್ಲಿ ‘ಮೈಸೂರು ರಾಜ್ಯ’ ಎಂದಿದ್ದರೆ ಬಹುಶಃ 1973ರ ನವೆಂಬರಿಗಿಂತ ಮೊದಲು. ರವೀಂದ್ರ ಕಲಾಕ್ಷೇತ್ರದ ವೇದಿಕೆಯಾದರೆ 1963ಕ್ಕಿಂತ ಮೊದಲು ಆಗುವಂತೆಯೇ ಇಲ್ಲ.

ಬರೆಯಲು ಬಾಲ್‌ಪೆನ್ ಮುಟ್ಟಬೇಡಿ. ಅದರ ಒತ್ತು ಮುಂಭಾಗದಲ್ಲಿ ಉಬ್ಬಿ ಏಳುತ್ತದೆ, ಶಾಯಿ ಪಕ್ಕದ ಚಿತ್ರಕ್ಕೆ ಹತ್ತುತ್ತದೆ. ಫೋಟೋವನ್ನು ಸ್ವಚ್ಛ ಗಾಜಿನ ಮೇಲೆ ಬೋರಲು ಹಾಕಿ, 2ಬಿ ಪೆನ್ಸಿಲ್ಲಿನಿಂದ ಅಂಚಿನಲ್ಲಿ ಹಗುರವಾಗಿ ಬರೆದರೆ ಸಾಕು. ಎಪ್ಪತ್ತರ ದಶಕದಿಂದೀಚಿನ ಪ್ಲಾಸ್ಟಿಕ್ ಲೇಪದ ಕಾಗದದ ಮೇಲೆ ಅದು ಕೂರದಿದ್ದರೆ ಇನ್ನೂ ಮೆತ್ತನೆಯ 6ಬಿ.

ಗಾಜಿಗೋ ಅಂಟು ಆಲ್ಬಮ್ಮಿಗೋ ಕಚ್ಚಿಕೊಂಡ ಚಿತ್ರವನ್ನು ಕೀಳುವ ಸಾಹಸ ಬೇಡ, ಒದ್ದೆ ಬಟ್ಟೆಯಲ್ಲಿ ಒರೆಸುವುದಂತೂ ಬೇಡವೇ ಬೇಡ. ಚಿತ್ರ ಕೂತಿರುವುದು ಜೆಲಾಟಿನ್ ಪದರದಲ್ಲಿ. ಅದು ನೀರು ಕುಡಿದರೆ ಉಬ್ಬಿ ಬಟ್ಟೆಗೇ ಅಂಟಿ ಬರುತ್ತದೆ. ಹಾಗೆ ಅಂಟಿದ್ದನ್ನು ಇದ್ದಲ್ಲೇ, ಪುಟದ ಸಮೇತ ಸ್ಕ್ಯಾನ್ ಮಾಡಿ. ಹುಳಿ ವಾಸನೆ ಹೊಡೆಯುವ ನೆಗೆಟಿವ್ ಕೊಳೆಯತೊಡಗಿದೆ ಎಂದರ್ಥ, ಅದನ್ನು ಉಳಿದವುಗಳಿಂದ ಬೇರೆ ಮಾಡಿ ಮೊದಲು ಸ್ಕ್ಯಾನ್ ಮಾಡಿಸಿ.

ಸ್ಕ್ಯಾನ್ ಮಾಡುವಾಗ ಅಂಚೆ ಕಾರ್ಡಿನಷ್ಟು ದೊಡ್ಡ ಪ್ರಿಂಟಿಗೆ ಇಂಚಿಗೆ 600 ಬಿಂದು, 35 ಮಿ.ಮೀ. ನೆಗೆಟಿವ್‌ಗೆ 3000ದಿಂದ 4000, ಫೈಲು ಟಿಫ್ (TIFF) ಬಗೆಯದು. ಕಪ್ಪು-ಬಿಳುಪಾದರೂ ಕಲರ್ ಮೋಡಿನಲ್ಲೇ ಇರಲಿ, ಕಾಗದದ ಹಳದಿ ಮತ್ತು ಶಾಯಿಯ ಬಣ್ಣ ಉಳಿಯುತ್ತವೆ. ಬೆನ್ನಿನದೂ ಒಂದು ಸ್ಕ್ಯಾನ್. ವಾಟ್ಸ್ಆಪ್‌ನಲ್ಲಿ ಮಾಮೂಲಿ ಫೋಟೋವಾಗಿ ಬಂದದ್ದು ಕುಗ್ಗಿರುತ್ತದೆ, ಅಚ್ಚಿಗೆ ಒದಗುವುದಿಲ್ಲ.

ನೆಗೆಟಿವ್ ತಿರುವುಮುರುವಾಗದಂತೆ ನೋಡಿಕೊಳ್ಳಿ. ಹೊಳೆಯುವ ಮೈ ನಿಮ್ಮ ಕಡೆಗಿದ್ದು ಅಂಚಿನ ಅಕ್ಷರ ನೇರವಾಗಿ ಓದಲು ಬಂದರೆ ಸರಿ. ತಪ್ಪಿದರೆ ವೀಣೆಯ ಬುರುಡೆ ನುಡಿಸುವವರ ಬಲಕ್ಕೂ ದೊಡ್ಡ ಕೊಡ ಅವರ ಎಡಕ್ಕೂ ಹೋಗಿ, ಬಲಗೈಯವರು ಎಡಗೈಯಲ್ಲಿ ಮೀಟುತ್ತಾರೆ. ಇಡೀ ತರಗತಿಯೇ ಎಡಚರಾಗಿ ಕಂಡರೆ ಸ್ಕ್ಯಾನ್ ತಪ್ಪಾಗಿದೆ. ಒಬ್ಬರು ಮಾತ್ರ ಹಾಗೆ ಕಂಡರೆ ಅವರು ನಿಜವಾಗಿ ಎಡಚರೇ, ‘ಸರಿಪಡಿಸಲು’ ಹೋಗಬೇಡಿ.

ಕೊನೆಗೆ ಹೆಸರುಗಳು. ಸಮೂಹ ಚಿತ್ರವನ್ನು ಎ4 ಹಾಳೆಗೆ ಪ್ರಿಂಟು ಹಾಕಿ, ಪ್ರತಿ ತಲೆಯ ಮೇಲೂ ಸಂಖ್ಯೆ ಹಾಕಿ, ಹಿರಿಯ ಶಿಷ್ಯರಿಗೆ ಒಬ್ಬೊಬ್ಬರಿಗೇ ಬೇರೆ ಬೇರೆಯಾಗಿ ತೋರಿಸಿ. ಎಲ್ಲರನ್ನೂ ಒಟ್ಟಿಗೆ ಕೂರಿಸಿದರೆ ಗಟ್ಟಿ ದನಿಯವರು ಹೇಳಿದ ಹೆಸರೇ ನಿಲ್ಲುತ್ತದೆ. ಯಾರು ಹೇಳಿದರು, ಯಾವತ್ತು ಹೇಳಿದರು ಎಂಬುದನ್ನೂ ಬರೆದಿಡಿ. ಇಬ್ಬರು ಎರಡು ಹೆಸರು ಹೇಳಿದರೆ ಎರಡನ್ನೂ ಬರೆದು ಪ್ರಶ್ನೆ ಚಿಹ್ನೆ ಹಾಕಿ. ಹಿಂದಿನ ಸಾಲಿನಲ್ಲಿ ತಂಬೂರಿ ಹಿಡಿದು ಕುಳಿತ ಹೆಂಗಸನ್ನು ಯಾರೂ ಗುರುತಿಸದಿದ್ದರೆ ‘ಎಡದಿಂದ ಮೂರನೆಯವರು, ತಂಬೂರಿ, ಹೆಸರು ತಿಳಿದಿಲ್ಲ’ ಎಂದು ಅಚ್ಚು ಹಾಕಿ. ಸಂಚಿಕೆ ಓದಿ ಅವರ ಮಗಳೋ ಮೊಮ್ಮಗನೋ ಫೋನು ಮಾಡಿಯಾರು.