ಹೊಲಗಳ ನಡುವೆ ಉಳಿದ ಕಾಡು ತಾನಾಗಿ ಬಾಳುತ್ತದೆಯೇ?

ಪ್ರಶ್ನೆ: ಸುತ್ತಲೂ ಉಳುಮೆಯ ಹೊಲಗಳಿದ್ದು, ನಡುವೆ ಎರಡೂವರೆ ಎಕರೆಯಷ್ಟು ಹಳೆಯ ಕಾಡು ಉಳಿದುಕೊಂಡಿದೆ. ಯಾರ ಆರೈಕೆಯೂ ಇಲ್ಲದೆ ಇಷ್ಟು ವರ್ಷ ಬದುಕಿರುವ ಅದನ್ನು ಹಾಗೆಯೇ ಬಿಟ್ಟರೆ ಸಾಲದೇ?

ಉತ್ತರ: ಈ ಪ್ರಶ್ನೆ ಎಷ್ಟು ಸಲ ಬಂದಿದೆಯೆಂದು ಲೆಕ್ಕವಿಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಸಾಲದು ಎಂಬ ಒಂದೇ ಪದದಲ್ಲಿ ಉತ್ತರ ಮುಗಿಯಬೇಕಿತ್ತು. ಅದು ಪ್ರತಿ ಸಲವೂ ಉದ್ದವಾಗುವುದು ‘ಇಷ್ಟು ವರ್ಷ ಬದುಕಿದೆ’ ಎಂಬ ನಂಬಿಕೆಯಿಂದಾಗಿ.

ಬದುಕಿರುವುದು ಮರಗಳು, ಕಾಡು ಬದುಕಿದೆಯೇ ಎಂಬುದನ್ನು ಬೇರೆಯಾಗಿಯೇ ಕೇಳಬೇಕು. ಇನ್ನೂರು ಮುನ್ನೂರು ವರ್ಷ ಬಾಳಬಲ್ಲ ಮರವು, ತಾನು ಉದುರಿಸಿದ ಒಂದು ಬೀಜವೂ ಮರವಾಗದಿದ್ದರೂ, ಆಯುಸ್ಸು ತೀರುವ ತನಕ ಹಸಿರಾಗಿಯೇ ನಿಂತಿರುತ್ತದೆ. ಆದ್ದರಿಂದ ಮುಂದಿನ ಸಲ ಒಳಗೆ ಹೋದಾಗ ತಲೆಯೆತ್ತಿ ನೋಡುವ ಬದಲು ಮಂಡಿಯೂರಿ ತರಗೆಲೆ ಸರಿಸಿ ನೋಡಿ. ಗೇಣುದ್ದದ ಸಸಿ, ಆಳೆತ್ತರದ ಗಿಡ, ತೋಳುಗಾತ್ರದ ಎಳೆಮರ, ಇವೆಲ್ಲವೂ ಸಿಗಬೇಕು. ಹೆಚ್ಚಿನ ಕಡೆ ಸಿಗುವುದು ಮೊಳಕೆಗಳು ಮತ್ತು ಮುದಿಮರಗಳು ಮಾತ್ರ. ನಡುವಿನ ತಲೆಮಾರು ದನಕುರಿಗಳ ಬಾಯಿಗೆ ಹೋಗಿರುತ್ತದೆ. ಮತ್ತೆ ಮತ್ತೆ ಮೇಯಿಸಿಕೊಂಡ ಸಸಿಯ ತುದಿ ಮೊಂಡಾಗಿ, ಬುಡದಲ್ಲಿ ಪೊದೆಯಂತೆ ಕವಲೊಡೆದು, ವರ್ಷಗಟ್ಟಲೆ ಮೊಣಕಾಲೆತ್ತರಕ್ಕೂ ಏರದೆ ಕುಳಿತಿರುತ್ತದೆ. ಪರಿಸರ ವಿಜ್ಞಾನದಲ್ಲಿ ಇದಕ್ಕೆ ಅಳಿವಿನ ಸಾಲ ಎನ್ನುತ್ತಾರೆ: ಕಾಡು ತುಂಡಾದ ದಿನವೇ ಸಾಲಪತ್ರ ಬರೆದಾಗಿರುತ್ತದೆ, ವಸೂಲಿಗೆ ಬರುವುದು ಮಾತ್ರ ತಲೆಮಾರುಗಳ ಬಳಿಕ.

ಇನ್ನು ಅಂಚಿನ ವಿಷಯ. ಬ್ರೆಜಿಲಿನ ಮನೌಸ್ ನಗರದ ಬಳಿ 1979ರಲ್ಲಿ ಆರಂಭವಾದ ದೀರ್ಘ ಅಧ್ಯಯನವು 1, 10 ಮತ್ತು 100 ಹೆಕ್ಟೇರಿನ ಕಾಡಿನ ತುಣುಕುಗಳನ್ನು ಗಮನಿಸುತ್ತ ಬಂದಿದೆ. ಬಿಸಿಲು ಮತ್ತು ಒಣಗಾಳಿ ಪಕ್ಕದಿಂದ ನುಗ್ಗುವ ಕಾರಣ, ಅಂಚಿನಿಂದ ಸುಮಾರು 100 ಮೀಟರ್ ಒಳಗಿನವರೆಗೂ ಮರಗಳ ಸಾವು ಹೆಚ್ಚಾದುದು ಅಲ್ಲಿ ಕಂಡುಬಂತು. ಈ ಅಂತರ ಕಾಡಿನಿಂದ ಕಾಡಿಗೆ ಬದಲಾಗುತ್ತದೆ. ಆದರೂ ಲೆಕ್ಕ ಹಾಕಿ ನೋಡಿ. ನಿಮ್ಮ ಎರಡೂವರೆ ಎಕರೆ ಎಂದರೆ ಹೆಚ್ಚುಕಡಿಮೆ 1 ಹೆಕ್ಟೇರ್. ಅದು ಚೌಕವಾಗಿದ್ದರೆ ನಟ್ಟನಡುವೆ ನಿಂತರೂ ಅಂಚು 50 ಮೀಟರ್ ದೂರದಲ್ಲಿರುತ್ತದೆ. ಅಂಚಿನ ಪಟ್ಟಿ 100 ಮೀಟರ್ ಎಂದೇ ಹಿಡಿದರೆ, 100 ಹೆಕ್ಟೇರಿನ ಚೌಕಕ್ಕೆ ಆ ಬಿಸಿಲುಗಾಳಿ ತಲುಪದ 64 ಹೆಕ್ಟೇರಿನಷ್ಟು ಒಡಲು ಉಳಿಯುತ್ತದೆ, ನಿಮ್ಮದಕ್ಕೆ ಅಂಚಲ್ಲದೆ ಬೇರೇನೂ ಇಲ್ಲ.

ಹಾಗಾದರೆ ಅದು ನಿಷ್ಪ್ರಯೋಜಕವೇ ಎಂದು ಕೂಡಲೇ ಮರುಪ್ರಶ್ನೆ ಹಾಕಬೇಡಿ. ಬೇರು ಜೀವಂತವಾಗಿರುವ ಬುಡಗಳು ಚಿಗುರುತ್ತವೆ, ಹಕ್ಕಿಗಳು ಬೀಜ ತರುತ್ತವೆ, ಮೇಯುವುದು ನಿಂತರೆ ಮೊಂಡು ಸಸಿಯೂ ಮೇಲೇಳುತ್ತದೆ. ಮೊದಲು ಬೇಲಿ ಹಾಕಿ. ಆದರೆ ಹೊಲದ ಗೊಬ್ಬರದ ರಂಜಕ (ಫಾಸ್ಫರಸ್) ಹರಿದುಬಂದು ಮಣ್ಣಿನಲ್ಲಿ ಕೂತಿದ್ದರೆ ಬೇಲಿಯೊಳಗೆ ಮೊದಲು ಎದ್ದು ನಿಲ್ಲುವುದು ಕಳೆಹುಲ್ಲು. ಅದನ್ನು ಕೀಳುವ ಕೆಲಸ ಕೆಲವು ವರ್ಷ ನಿಮ್ಮದೇ. ಅಂಚಿನಲ್ಲಿ ಅಲ್ಲಿನದೇ ಜಾತಿಯ ಪೊದೆಗಳನ್ನು ಒತ್ತಾಗಿ ಬೆಳೆಸಿದರೆ ಗಾಳಿಯೂ ತಗ್ಗುತ್ತದೆ.

ಯಾರೂ ಕೇಳದ, ಆದರೆ ಕೇಳಬೇಕಾದ ಮಾತೊಂದಿದೆ. ಬೇಲಿ ಹಾಕಿದ ಉತ್ಸಾಹದಲ್ಲಿ ಅನೇಕರು ಒಳಗಿನ ಒಣಮರಗಳನ್ನೆಲ್ಲ ಕಡಿದು ‘ಸ್ವಚ್ಛ’ ಮಾಡುತ್ತಾರೆ. ಹಕ್ಕಿ, ಬಾವಲಿಗಳು ನೆಲೆಸುವ ಪೊಟರೆಗಳು ಎಳೆಮರಗಳಲ್ಲಿ ಇರುವುದಿಲ್ಲ; ಆಸ್ಟ್ರೇಲಿಯಾದ ನೀಲಗಿರಿ ಮರಗಳಲ್ಲಿ ಒಂದು ಪೊಟರೆ ರೂಪುಗೊಳ್ಳಲು ಸಾಮಾನ್ಯವಾಗಿ ನೂರು ವರ್ಷಕ್ಕೂ ಹೆಚ್ಚು ಕಾಲ ಬೇಕು. ಬಿದ್ದ ಕೊಂಬೆಗಳನ್ನೂ ಸೌದೆಗೆಂದು ಎಳೆದು ತರಬೇಡಿ. ಬೇಲಿಯಿಲ್ಲದ ಕಾಡಿನಲ್ಲಿ ಆಳೆತ್ತರಕ್ಕೆ ಬೆಳೆದ ಒಂದೇ ಒಂದು ಗಿಡ ನಿಮಗೆ ಕಂಡರೆ, ಅದು ಕುರಿಯ ಮೂತಿ ತೂರದ ಅಂಥದೊಂದು ಕೊಂಬೆಯ ಸಂದಿಯಲ್ಲೇ ಇರುವುದು ಹೆಚ್ಚು.