ಬಿಸಿಲಿನ ಗಿಡವನ್ನು ಮನೆಯೊಳಗೆ ಸಾಕುವುದು

ಹೂಬಿಡುವ ದಂಟಿನ ಗಿಡವನ್ನು ನರ್ಸರಿಯಲ್ಲಿ ನೋಡಿದರೆ ಯಾರಿಗಾದರೂ ಆಸೆಯಾಗುತ್ತದೆ. ಕಡುಗೆಂಪು ಗೊಂಚಲು ಕುಂಡದ ಅಂಚು ದಾಟಿ ಕೆಳಗೆ ಜೋತುಬಿದ್ದಿರುತ್ತದೆ. ಮನೆಗೆ ತಂದು ಟಿವಿ ಪಕ್ಕದ ಸ್ಟೂಲಿನ ಮೇಲೆ ಇಡುತ್ತೇವೆ. ಕೆಲವೇ ವಾರಗಳಲ್ಲಿ ಕಾಂಡ ಸಣ್ಣಗಾಗಿ ಒಂದು ಕಡೆ ವಾಲುತ್ತದೆ, ಕೆಳಗಿನ ಎಲೆ ಹಳದಿಯಾಗುತ್ತದೆ. ಸೊರಗಿತು ಅಂತ ಮನೆಯವರೆಲ್ಲ ಸರದಿಯ ಮೇಲೆ ನೀರು ಹಾಕುತ್ತಾರೆ. ಬೇರು ಕೊಳೆಯುತ್ತದೆ. ಕೊನೆಗೆ ಯಾರದೋ ದೃಷ್ಟಿ ತಾಗಿತು ಅಂತ ಮಾತು ಮುಗಿಯುತ್ತದೆ.

ಬಂದುಹೋದ ನೆಂಟರ ಮೇಲೆ ತಪ್ಪು ಹೊರಿಸುವುದು ಅನ್ಯಾಯ. ಗಿಡಕ್ಕೆ ಬೆಳಕು ಸಾಲಲಿಲ್ಲ, ಅಷ್ಟೇ.

ನಮ್ಮ ಕಣ್ಣು ಈ ವಿಷಯದಲ್ಲಿ ಬಹಳ ಮೋಸ ಮಾಡುತ್ತದೆ. ಮಧ್ಯಾಹ್ನದ ಬಯಲಿನಲ್ಲಿ ಸುಮಾರು 1 ಲಕ್ಷ ಲಕ್ಸ್ (ಬೆಳಕನ್ನು ಅಳೆಯುವ ಮಾನ) ಬೆಳಕಿರುತ್ತದೆ. ಟ್ಯೂಬ್‌ಲೈಟ್ ಉರಿಯುವ ಹಾಲ್‌ನಲ್ಲಿ ಇರುವುದು ಕೆಲವು ನೂರು ಲಕ್ಸ್ ಮಾತ್ರ. ನೂರಾರು ಪಟ್ಟು ವ್ಯತ್ಯಾಸ! ಕಣ್ಣಿನ ಪಾಪೆ ಹಿಗ್ಗಿ, ಒಳಗಿನ ಪರದೆ ಹೊಂದಿಕೊಂಡು ನಮಗೆ ಎರಡೂ ಕಡೆ ಚೆನ್ನಾಗೇ ಕಾಣುತ್ತದೆ. ಎಲೆಗೆ ಆ ಅನುಕೂಲ ಇಲ್ಲ. ಮೊಬೈಲಿನಲ್ಲಿ ಬೆಳಕು ಅಳೆಯುವ ಆ್ಯಪ್ ಹಾಕಿಕೊಂಡು ಕಿಟಕಿಯಿಂದ ಹಾಲ್‌ನ ಮೂಲೆಯವರೆಗೆ ಒಮ್ಮೆ ನಡೆದು ನೋಡಿ. ಅಂಕಿ ಎಷ್ಟು ಬೇಗ ಕುಸಿಯುತ್ತದೆ ಅಂದರೆ ನಂಬುವುದೇ ಕಷ್ಟ.

ಮನಿ ಪ್ಲಾಂಟ್ ಇಷ್ಟರಲ್ಲೇ ಸಂಸಾರ ಮಾಡುತ್ತದಲ್ಲ, ದಂಟಿಗೇನು ಕಷ್ಟ? ಮನಿ ಪ್ಲಾಂಟ್ ಮಳೆಕಾಡಿನ ಮರಗಳ ನೆರಳಲ್ಲಿ ಹಬ್ಬುವ ಬಳ್ಳಿ. ದಂಟು ಬಯಲ ಬಿಸಿಲಿನದು. ಅದರ ಎಲೆಯೊಳಗಿನ ಏರ್ಪಾಡೇ ಬೇರೆ, ಮತ್ತು ಆ ಏರ್ಪಾಡು ನಿಜಕ್ಕೂ ಸೊಗಸಾದದ್ದು.

ಎಲ್ಲ ಹಸಿರು ಗಿಡಗಳಲ್ಲೂ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹಿಡಿದು ಸಕ್ಕರೆಯ ದಾರಿಗೆ ಹಚ್ಚುವ ಕಿಣ್ವ ರುಬಿಸ್ಕೊ. ಅದಕ್ಕೊಂದು ದೌರ್ಬಲ್ಯವಿದೆ. ಇಂಗಾಲದ ಡೈಆಕ್ಸೈಡ್ ಯಾವುದು, ಆಮ್ಲಜನಕ ಯಾವುದು ಅಂತ ಅದಕ್ಕೆ ಸರಿಯಾಗಿ ಗೊತ್ತಾಗುವುದಿಲ್ಲ. ಸುಮಾರು ಐದರಲ್ಲಿ ಒಂದು ಸಲ ಆಮ್ಲಜನಕವನ್ನು ಹಿಡಿಯುತ್ತದೆ. ಸೆಕೆ ಏರಿದಷ್ಟೂ ತಪ್ಪು ಜಾಸ್ತಿ. ಮದುವೆ ಛತ್ರದ ಊಟದ ಮನೆಯನ್ನು ನೆನಪಿಸಿಕೊಳ್ಳಿ. ಪಂಕ್ತಿಯಲ್ಲಿ ಕೂತವರಿಗೆಲ್ಲ ಬಡಿಸುತ್ತಾ ಹೋಗುವವನೇ ರುಬಿಸ್ಕೊ. ಕರೆದವರು ಯಾರು, ಕರೆಯದೆ ಬಂದವರು ಯಾರು ಅಂತ ಅವನು ನೋಡುವುದಿಲ್ಲ. ಭತ್ತ, ಗೋಧಿ, ಹುರುಳಿಯಲ್ಲಿ ನಡೆಯುವುದು ಹೀಗೆಯೇ. ದಂಟು ಬಾಗಿಲಲ್ಲಿ ಒಬ್ಬ ಹಿರಿಯನನ್ನು ನಿಲ್ಲಿಸಿದೆ. ಅವನಿಗೆ ಬೀಗರ ಮುಖವೆಲ್ಲ ಚೆನ್ನಾಗಿ ಗೊತ್ತು. ಪೆಪ್ ಕಾರ್ಬಾಕ್ಸಿಲೇಸ್ ಎಂಬ ಈ ಎರಡನೇ ಕಿಣ್ವ ಆಮ್ಲಜನಕವನ್ನು ಮುಟ್ಟುವುದೇ ಇಲ್ಲ. ಅದು ಇಂಗಾಲವನ್ನು ಮಾತ್ರ ಹಿಡಿದು ನಾಲ್ಕು ಇಂಗಾಲದ ಆಮ್ಲವನ್ನಾಗಿ ಮಾಡಿ, ಎಲೆಯ ನರಗಳ ಸುತ್ತಲಿನ ಕೋಣೆಗಳಿಗೆ ಕಳಿಸುತ್ತದೆ. ಇಂಗಾಲ ಮತ್ತೆ ಬಿಡುಗಡೆಯಾಗುವುದು ಅಲ್ಲಿ. ರುಬಿಸ್ಕೊ ಇರುವುದೂ ಅಲ್ಲೇ. ಸುತ್ತ ಬೀಗರೇ ತುಂಬಿರುವಾಗ ಬಡಿಸುವವನು ತಪ್ಪುವುದಾದರೂ ಎಲ್ಲಿ?

ಬಾಗಿಲ ಹಿರಿಯನಿಗೂ ಸಂಭಾವನೆ ಕೊಡಬೇಕಲ್ಲ. ಪ್ರತಿ ಇಂಗಾಲದ ಡೈಆಕ್ಸೈಡ್ ಅಣುವಿಗೆ ಮಾಮೂಲಿ ಗಿಡ ಶಕ್ತಿ ಹೊತ್ತ ಅಣುಗಳಾದ ಎಟಿಪಿಯನ್ನು 3 ಖರ್ಚು ಮಾಡಿದರೆ ದಂಟು 5 ಖರ್ಚು ಮಾಡುತ್ತದೆ. ಎಟಿಪಿ ಹುಟ್ಟುವುದು ಬೆಳಕಿನಿಂದ. ಬಿರುಬಿಸಿಲಿನಲ್ಲಿ ಛತ್ರ ಗಿಜಿಗುಡುತ್ತಿರುವಾಗ ಈ ಖರ್ಚು ಲೆಕ್ಕಕ್ಕೇ ಬರುವುದಿಲ್ಲ. ನಿಮ್ಮ ಟಿವಿ ಪಕ್ಕದ ಮೂಲೆಯಲ್ಲಿ, ಅದರಲ್ಲೂ ಚಳಿಗಾಲದ ತಂಪಿನಲ್ಲಿ, ಪಂಕ್ತಿಯಲ್ಲಿ ಕೂರುವವರೇ ನಾಲ್ಕು ಜನ. ಸಂಭಾವನೆ ಮಾತ್ರ ತಪ್ಪುವುದಿಲ್ಲ. ಬಿಸಿಲಿನಲ್ಲಿ ಅದನ್ನು ಗೆಲ್ಲಿಸುವ ಜಾಣತನವೇ ಮನೆಯೊಳಗೆ ಹೊರೆಯಾಗುತ್ತದೆ.

ಈ ಏರ್ಪಾಡನ್ನು ಬಯಲು ಮಾಡಿದ್ದು ಕಬ್ಬು. 1965ರಲ್ಲಿ ಹವಾಯಿಯ ಕಬ್ಬಿನ ಸಂಶೋಧಕರು, ಎಲೆ ಮೊದಲು ಹಿಡಿದ ಇಂಗಾಲ ಪುಸ್ತಕದಲ್ಲಿ ಹೇಳಿದ ವಸ್ತುವಿನಲ್ಲಿ ಸಿಗುತ್ತಿಲ್ಲ ಎಂದು ವರದಿ ಮಾಡಿದರು. ಮರುವರ್ಷವೇ ಆಸ್ಟ್ರೇಲಿಯಾದ ಬ್ರಿಸ್ಬೇನ್‌ನಲ್ಲಿ, ಒಂದು ಸಕ್ಕರೆ ಕಂಪನಿಯ ಪ್ರಯೋಗಾಲಯದಲ್ಲಿ, ಹ್ಯಾಚ್ ಮತ್ತು ಸ್ಲ್ಯಾಕ್ ಈ ದಾರಿಯನ್ನು ವಿವರಿಸಿದರು. ಇದನ್ನೇ ಈಗ ಸಿ4 ಎನ್ನುತ್ತಾರೆ. ನಮ್ಮ ರಾಗಿ, ಜೋಳ, ಸಜ್ಜೆ ಎಲ್ಲ ಈ ಗುಂಪಿನವೇ. ಅವೆಲ್ಲ ಹುಲ್ಲಿನ ಜಾತಿ. ಅಗಲ ಎಲೆಯ ಬೆಳೆಗಳಲ್ಲಿ ಈ ವಿದ್ಯೆ ಕಲಿತವು ತೀರಾ ಕಮ್ಮಿ, ಅದರಲ್ಲಿ ದಂಟು ಒಂದು. ಹಸಿರು ದಂಟಿನ ಎಲೆಯನ್ನು ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ನರಗಳ ಸಣ್ಣ ಬಲೆ ಸುತ್ತಲಿನ ಭಾಗಕ್ಕಿಂತ ಗಾಢ ಹಸಿರಾಗಿ ಕಾಣುತ್ತದೆ. ರುಬಿಸ್ಕೊ ಕೂತಿರುವ ಕೋಣೆಗಳು ಅವು.

ಹಾಗಾದರೆ ಕುಂಡ ಎಲ್ಲಿಡಬೇಕು? ಕನಿಷ್ಠ ಐದಾರು ಗಂಟೆ ನೇರ ಬಿಸಿಲು ಬೀಳುವ ಕಿಟಕಿಯ ಕಟ್ಟೆ, ಇಲ್ಲವೇ ಬಾಲ್ಕನಿ. ಒಂದು ಎಚ್ಚರಿಕೆ ಬೇಕು. ಯುರೋಪ್, ಅಮೆರಿಕದ ತೋಟಗಾರಿಕೆ ಪುಸ್ತಕಗಳು ದಕ್ಷಿಣದ ಕಿಟಕಿಯನ್ನು ಹೊಗಳುತ್ತವೆ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೇ ಇರುತ್ತಾನೆ. ನಮ್ಮಲ್ಲಿ ಹಾಗಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಹೊತ್ತಿಗೆ ಒಮ್ಮೆ, ಆಗಸ್ಟ್ 18ರ ಹೊತ್ತಿಗೆ ಇನ್ನೊಮ್ಮೆ ಸೂರ್ಯ ನೇರ ನೆತ್ತಿಯ ಮೇಲೆ ಬರುವ ಶೂನ್ಯ ನೆರಳಿನ ದಿನ ಬರುತ್ತದಲ್ವಾ? ಈ ಎರಡು ದಿನಗಳ ನಡುವೆ ಮಧ್ಯಾಹ್ನದ ಸೂರ್ಯ ಉತ್ತರದ ಕಡೆ ಇರುತ್ತಾನೆ. ಆಗ ದಕ್ಷಿಣದ ಕಿಟಕಿಗೆ ನೇರ ಬಿಸಿಲಿನ ಆಸೆಯೇ ಬೇಡ. ಕುಂಡವನ್ನು ಪೂರ್ವಕ್ಕೋ ಪಶ್ಚಿಮಕ್ಕೋ ಬದಲಾಯಿಸಿ. ದಸರಾ ಕಳೆದ ಮೇಲೆ ದಕ್ಷಿಣಕ್ಕೆ ತಂದರೆ ಚಳಿಗಾಲ ಪೂರ್ತಿ ಒಳ್ಳೆಯ ಬಿಸಿಲು ಸಿಗುತ್ತದೆ.

ನೀರಿನ ವಿಷಯ ಸುಲಭ. ಬೆರಳನ್ನು ಒಂದು ಗೆಣ್ಣು ಮಣ್ಣಿಗೆ ಇಳಿಸಿ. ಒಣಗಿದ್ದರೆ ಮಾತ್ರ ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಸಿ4 ಎಲೆಗೆ ಅಷ್ಟೇ ಇಂಗಾಲ ಹಿಡಿಯಲು ಪತ್ರರಂಧ್ರಗಳನ್ನು ಜಾಸ್ತಿ ತೆರೆಯಬೇಕಿಲ್ಲ, ಹಾಗಾಗಿ ಬೆವರುವುದೂ ಕಮ್ಮಿ. ಸಾರಜನಕದ ಗೊಬ್ಬರ ಅತಿಯಾದರೆ ಎಲೆ ಸೊಕ್ಕುತ್ತದೆ, ಹೂ ಹಿಂದೆ ಬೀಳುತ್ತದೆ.

ಹೂ ಬಾರದಿರಲು ಇನ್ನೊಂದು ಕಾರಣವಿದೆ. ಅದು ರಾತ್ರಿಯ ದೀಪ. ಹೂವಿಗಾಗಿ ಬೆಳೆಸುವ ದಂಟುಗಳಲ್ಲಿ ಬಹುಪಾಲು ಹಗಲು ಚಿಕ್ಕದಾದಾಗ ಹೂಬಿಡುವಂಥವು. ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆ ಎಂದು 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ತೋರಿಸಿದರು. 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್, ಗಿಡ ನಿಜವಾಗಿ ಎಣಿಸುವುದು ಎಡೆಬಿಡದ ಕತ್ತಲನ್ನು ಎಂದು ಕಂಡುಕೊಂಡರು. ನಡುರಾತ್ರಿಯಲ್ಲಿ ಕೆಲವು ನಿಮಿಷ ಬೆಳಕು ಬಿದ್ದರೂ ಅವರು ಪರೀಕ್ಷಿಸಿದ ಕಳೆಗಿಡದ ಲೆಕ್ಕ ತಪ್ಪುತ್ತಿತ್ತು. ನಮ್ಮಲ್ಲಿ ಡಿಸೆಂಬರಿನ ಹಗಲು ಹನ್ನೊಂದೂವರೆ ಗಂಟೆಯ ಆಸುಪಾಸು. ಆದರೆ ಹಾಲ್‌ನ ದೀಪ ರಾತ್ರಿ ಹನ್ನೊಂದರವರೆಗೆ ಉರಿದರೆ ಗಿಡಕ್ಕೆ ಎಂದೂ ಮುಗಿಯದ ಬೇಸಿಗೆ. ಸಂಜೆ ಆರಕ್ಕೆ ಕತ್ತಲ ಕೋಣೆಗೆ ಸಾಗಿಸಿ, ಬೆಳಿಗ್ಗೆ ಕಿಟಕಿಗೆ ತನ್ನಿ.

ಗೊಂಚಲಿನ ಬಣ್ಣದ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಶಂಖಪುಷ್ಪದ ನೀಲಿ ನೀರಿಗೆ ನಿಂಬೆ ಹಿಂಡಿದರೆ ನೇರಳೆಯಾಗುತ್ತದೆ, ಅದು ಆಂಥೋಸಯನಿನ್. ದಂಟಿನ ಬಳಗದ ಕೆಂಪು ಹರಿವೆ ನೆನೆಸಿದ ನೀರಿಗೂ ಹಿಂಡಿ ನೋಡಿ, ಕೆಂಪು ಹಾಗೇ ಉಳಿಯುತ್ತದೆ. ಇದು ಬೀಟಾಲೇನ್. ಬೀಟ್‌ರೂಟ್, ಬೋಗನ್‌ವಿಲ್ಲಾ, ಪಾಪಾಸುಕಳ್ಳಿಗಳ ಬಣ್ಣವೂ ಇದೇ. ಈ ಎರಡು ಬಣ್ಣಗಳು ಒಂದೇ ಗಿಡದಲ್ಲಿ ಒಟ್ಟಿಗೆ ಸಿಕ್ಕಿಲ್ಲ.

ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ಗಿಡ ಒಣಗುತ್ತದೆ. ಅದನ್ನು ನೋಡಿ ಬೇಜಾರು ಪಡಬೇಡಿ, ಬೂದುಗುಂಬಳ ಒಡೆಯುವುದೂ ಬೇಡ. ದಂಟಿನ ಆಯುಸ್ಸು ಇರುವುದೇ ಒಂದು ಹಂಗಾಮು. ಒಣಗಿದ ಗೊಂಚಲನ್ನು ಬಿಳಿ ಹಾಳೆಯ ಮೇಲೆ ಕೊಡವಿದರೆ ಮಿಲಿಮೀಟರಿನಷ್ಟು ದಪ್ಪದ ಬೀಜಗಳು ಹೊಟ್ಟಿನ ಜೊತೆ ಉದುರುತ್ತವೆ. ಮೆಕ್ಸಿಕೊದ ಅಜ್ಟೆಕರು ಇಂಥ ಬೀಜವನ್ನು ಕಪ್ಪವಾಗಿ ವಸೂಲಿ ಮಾಡುತ್ತಿದ್ದರು. ಅದರ ಹಿಟ್ಟಿನಲ್ಲಿ ದೇವರ ಮೂರ್ತಿ ಮಾಡಿ, ಪೂಜೆಯಾದ ಮೇಲೆ ಮುರಿದು ಹಂಚಿ ತಿನ್ನುತ್ತಿದ್ದರು. 1521ರಲ್ಲಿ ಗೆದ್ದ ಸ್ಪೇನಿನವರು ಆ ಆಚರಣೆಯನ್ನೇ ಹತ್ತಿಕ್ಕಿದರು. ಅಲ್ಲಿ ಇಂದಿಗೂ ಅರಳಿಸಿದ ಬೀಜದ ಸಿಹಿ ಮಾಡುತ್ತಾರೆ. ನಾವು ಉಪವಾಸಕ್ಕೆ ಬೆಲ್ಲದ ಪಾಕದಲ್ಲಿ ಕಟ್ಟುವ ರಾಜಗಿರಿ ಉಂಡೆಯೂ ಇದೇ ಕುಲದ ಬೀಜದ್ದು.

ಬಿತ್ತುವಾಗ ಬೀಜವನ್ನು ಆಳಕ್ಕೆ ಹಾಕಬೇಡಿ. ಮಣ್ಣಿನ ಮೇಲೆ ಉದುರಿಸಿ, ತೆಳ್ಳಗೆ ಪುಡಿಮಣ್ಣು ಮುಚ್ಚಿ, ಸಿಂಪಡಿಸುವ ಬಾಟಲಿಯಿಂದ ನೀರು ಕೊಡಿ. ಬೆಚ್ಚಗಿದ್ದರೆ ವಾರದೊಳಗೆ ಮೊಳಕೆ ಕಾಣುತ್ತದೆ. ಹತ್ತಿಂಚಿನ ಕುಂಡಕ್ಕೆ ಒಂದೇ ಗಟ್ಟಿ ಸಸಿ ಉಳಿಸಿ. ಉಳಿದದ್ದನ್ನು ಎಳೆಯದಾಗಿರುವಾಗಲೇ ಕಿತ್ತು ಪಲ್ಯಕ್ಕೆ ಹಾಕಬಹುದು. ನರ್ಸರಿಯಿಂದ ತಂದ ಗಿಡದ ಎಲೆ ಮಾತ್ರ ತಿನ್ನಬೇಡಿ, ಅದಕ್ಕೆ ಕೀಟನಾಶಕ ಹೊಡೆದಿರುವ ಸಂಭವವಿರುತ್ತದೆ.