ಲಂಚ ಕೊಟ್ಟಿದ್ದು ಏಜೆಂಟ್, ಸಿಕ್ಕಿಬಿದ್ದಿದ್ದು ಕಂಪನಿ

ಕಂಪನಿಯಲ್ಲಿ ಲಂಚ, ಅದರ ಬಗ್ಗೆ ದೂರು ಅನ್ನುವ ಪಾಠದಲ್ಲಿ ನಾನು ಮೊದಲು ಎಡವಿದ್ದು ಇಲ್ಲೇ. ಲಂಚದ ಕೇಸು ಅಂದರೆ ತಗೊಂಡ ಅಧಿಕಾರಿಯ ತಲೆನೋವು ಅಂದುಕೊಂಡಿದ್ದೆ. 1988ರ ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂತಲ್ಲ, ಅದರ ಸೆಕ್ಷನ್ 8ರಲ್ಲಿ ಕೊಟ್ಟವನಿಗೂ 7 ವರ್ಷದವರೆಗೆ ಜೈಲು ಆಗಬಹುದು. ಬಲವಂತಕ್ಕೆ ಕೊಟ್ಟಿದ್ದರೆ ವಿನಾಯಿತಿ ಇದೆ, ಆದರೆ ಕೊಟ್ಟ 7 ದಿನದೊಳಗೆ ಪೊಲೀಸರಿಗೋ ತನಿಖಾ ಸಂಸ್ಥೆಗೋ ಹೇಳಿರಬೇಕು.

ಈಗ ಕಂಪನಿಗೆ ಬರೋಣ. ಕಾರ್ಖಾನೆಗೆ ಲೈಸೆನ್ಸ್ ಬೇಕು ಅಂದುಕೊಳ್ಳಿ. ಏಜೆಂಟನಿಗೆ ಎರಡು ಲಕ್ಷ ಫೀಸು ಕೊಟ್ಟರು, ಅದರಲ್ಲಿ ಒಂದೂವರೆ ಲಕ್ಷ ಸಾಹೇಬರ ಟೇಬಲ್ ಕೆಳಗೆ ಹೋಯಿತು, ಲೆಕ್ಕದಲ್ಲಿ ಮಾತ್ರ ‘ಇತರೆ ಖರ್ಚು’ ಅಂತ ಸುಮ್ನೆ ಕೂತಿದೆ. ‘ಏಜೆಂಟ್ ಮಾಡಿದ್ದು, ನಮಗೆ ಗೊತ್ತಿಲ್ಲ’ ಅಂದರೆ ಸಾಲದು. ಸೆಕ್ಷನ್ 9ರ ಪ್ರಕಾರ ಕಂಪನಿಯ ಪರವಾಗಿ ಕೆಲಸ ಮಾಡುವ ಯಾರೇ ಅದರ ವ್ಯವಹಾರಕ್ಕಾಗಿ ಲಂಚ ಕೊಟ್ಟರೂ ದಂಡ ಕಂಪನಿಗೆ. ಇಂಥದ್ದನ್ನು ತಡೆಯಲು ತಕ್ಕ ವ್ಯವಸ್ಥೆ ಇಟ್ಟಿದ್ದೆವು ಅಂತ ಕಂಪನಿಯೇ ಸಾಬೀತು ಮಾಡಿದರೆ ಪಾರಾಗಬಹುದು. ಡೈರೆಕ್ಟರ್ ಒಪ್ಪಿಗೆಯಿಂದ ನಡೆದಿದ್ದರೆ ಸೆಕ್ಷನ್ 10ರಲ್ಲಿ ಆ ಡೈರೆಕ್ಟರಿಗೆ 3ರಿಂದ 7 ವರ್ಷ ಜೈಲು.

ಸರಿ, ಆ ‘ಇತರೆ ಖರ್ಚು’ ಅಕೌಂಟ್ಸ್‌ನವರ ಕಣ್ಣಿಗೆ ಬಿತ್ತು. ಅವರು ಯಾರಿಗೆ ಹೇಳಬೇಕು? ಕಂಪನಿ ಕಾಯ್ದೆ 2013ರ ಸೆಕ್ಷನ್ 177(9) ಪ್ರಕಾರ ಲಿಸ್ಟೆಡ್ ಕಂಪನಿ (ಷೇರುಪೇಟೆಯಲ್ಲಿ ಇರುವಂಥದ್ದು), ಜನರಿಂದ ಠೇವಣಿ ಪಡೆದ ಕಂಪನಿ, ಬ್ಯಾಂಕಿನಿಂದ 50 ಕೋಟಿಗಿಂತ ಜಾಸ್ತಿ ಸಾಲ ಮಾಡಿದ ಕಂಪನಿ, ಇವೆಲ್ಲ ‘ವಿಜಿಲ್ ಮೆಕ್ಯಾನಿಸಂ’, ಅಂದರೆ ಅಕ್ರಮ ಕಂಡವರು ದೂರು ಕೊಡುವ ವ್ಯವಸ್ಥೆ, ಇಡಲೇಬೇಕು. ತೀರಾ ಗಂಭೀರ ವಿಷಯವಾದರೆ ಮ್ಯಾನೇಜರನ್ನು ದಾಟಿ ನೇರ ಆಡಿಟ್ ಕಮಿಟಿ (ಲೆಕ್ಕಪತ್ರದ ಮೇಲೆ ಕಣ್ಣಿಡುವ ನಿರ್ದೇಶಕರ ಸಮಿತಿ) ಅಧ್ಯಕ್ಷರ ಹತ್ತಿರ ಹೋಗಬಹುದು. ಇದೇ ಮುಖ್ಯ. ನಾನು ಟ್ರೈನಿಂಗ್ ಮಾಡಿದ ಆಫೀಸಿನಲ್ಲೂ ದೂರಿನ ಪೆಟ್ಟಿಗೆ ಇತ್ತು, ಸಿಸಿಟಿವಿ ಕ್ಯಾಮೆರಾದ ನೇರ ಕೆಳಗೆ! ಯಾರು ಹಾಕುತ್ತಾರೆ ಹೇಳಿ.

ದೂರು ಕೊಟ್ಟವರ ಹೆಸರು ಗುಟ್ಟಾಗಿರಬೇಕು ಅನ್ನುವುದಕ್ಕೆ ಸತ್ಯೇಂದ್ರ ದುಬೆ ನೆನಪಾಗುತ್ತಾರೆ. ಹೆದ್ದಾರಿ ಪ್ರಾಧಿಕಾರದ ಇಂಜಿನಿಯರ್. ಕಾಮಗಾರಿಯ ಅಕ್ರಮದ ಬಗ್ಗೆ ಪ್ರಧಾನಿ ಕಚೇರಿಗೆ ಬರೆದು, ಹೆಸರು ಬಯಲು ಮಾಡಬೇಡಿ ಅಂತ ಕೇಳಿಕೊಂಡಿದ್ದರು. ಪತ್ರ ಹೆಸರಿನ ಸಮೇತ ಕಚೇರಿಯಿಂದ ಕಚೇರಿಗೆ ಓಡಾಡಿತು. 2003ರ ನವೆಂಬರ್‌ನಲ್ಲಿ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಸಿಬಿಐ ಅದನ್ನು ದರೋಡೆ ಅಂದಿತು. 2004ರಲ್ಲಿ ಇಂಥ ದೂರು ಪಡೆಯುವ ಕೆಲಸ ಕೇಂದ್ರ ಜಾಗೃತ ಆಯೋಗಕ್ಕೆ ಬಂತು.

ಪರೀಕ್ಷೆಯಲ್ಲಿ ಕಾಲೆಳೆಯುವ ಜಾಗ ಇನ್ನೊಂದಿದೆ. ವಿಸಲ್ ಬ್ಲೋವರ್ಸ್ (ಅಕ್ರಮ ಬಯಲು ಮಾಡುವವರು) ರಕ್ಷಣಾ ಕಾಯ್ದೆ 2014 ಅಂತ ಇದೆ ಅಲ್ವಾ, ನಮ್ಮ ಅಕೌಂಟ್ಸ್‌ನವರ ಪ್ರಶ್ನೆಗೆ ಉತ್ತರ ಅಂತ ಅದನ್ನು ಬರೆದುಬಿಡಬೇಡಿ. ಅದು ಸರ್ಕಾರಿ ನೌಕರರ ಮೇಲಿನ ದೂರಿಗೆ, ಅನಾಮಧೇಯ ದೂರು ಅಲ್ಲಿ ನಡೆಯಲ್ಲ. ಸಾಲದ್ದಕ್ಕೆ ಪಾಸಾಗಿ ರಾಷ್ಟ್ರಪತಿ ಅಂಕಿತ ಬಿದ್ದಿದ್ದರೂ ಅದನ್ನು ಜಾರಿಗೇ ತಂದಿಲ್ಲ.